ಪಕ್ಕದ ಹಲ್ಲು

ಒಂದೇ ಬಾಯಲ್ಲಿ ಮೂವತ್ತೆರಡು ಹಲ್ಲುಗಳನ್ನು ತಂಟೆಯಿಲ್ಲದೆ ನಿಲ್ಲಿಸುವುದು ನನ್ನ ವೃತ್ತಿ. ಸೊಟ್ಟಗಿದ್ದವಕ್ಕೆ ತಂತಿ ಕಟ್ಟಿ ಎಳೆದು, ಒಂದರ ಹೆಗಲ ಮೇಲೊಂದು ಹತ್ತಿ ಕೂತವನ್ನು ಕೆಳಗಿಳಿಸಿ, ಎಷ್ಟೋ ಜನರ ಮದುವೆಯ ಫೋಟೋಗಳಿಗೆ ಮೆರುಗು ತಂದವನು ನಾನು. ಅಂಥ ನನಗೆ ಒಂದೇ ಕೋಣೆಯಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಲು ಆಗಲಿಲ್ಲ. (ತಂತಿ ಕಟ್ಟುವ ಯೋಚನೆಯೂ ಬಂದಿತ್ತು. ಹೆಂಡತಿ ಒಪ್ಪಲಿಲ್ಲ.)

ಆ ಇಬ್ಬರಲ್ಲಿ ಒಬ್ಬ ನನ್ನ ಮಗ, ಇನ್ನೊಬ್ಬ ಅವಳ ಮಗ. ನಮ್ಮಿಬ್ಬರಿಗೂ ಇದು ಎರಡನೇ ಮದುವೆ. ನನ್ನ ಮೊದಲ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು; ಅವಳ ಮೊದಲ ಗಂಡ ಎಲ್ಲೋ ಬದುಕಿದ್ದರೂ ಲೆಕ್ಕಕ್ಕಿರಲಿಲ್ಲ. ಲೆಕ್ಕದ ಮಾತು ಅವಳದೇ, ಏಕೆಂದರೆ ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಬುದ್ಧಿಹಲ್ಲು ಕೀಳಿಸಿಕೊಳ್ಳಲು ನನ್ನ ಕ್ಲಿನಿಕ್ಕಿಗೆ ಬಂದವಳು ಕೆಲವು ತಿಂಗಳಲ್ಲೇ ನನ್ನನ್ನು ಮದುವೆಯಾದಳು. ಬುದ್ಧಿ ಕಿತ್ತು ಹೋದ ಮೇಲೆ ಮಾಡಿದ ಕೆಲಸ ಅದು ಎಂದು ಅವಳ ಅಕ್ಕ ಇವತ್ತಿಗೂ ಹೇಳುತ್ತಾಳೆ.

ಅವಳ ಮಗ ನನ್ನ ಮಗನಿಗಿಂತ ಎರಡು ತಿಂಗಳಿಗೆ ದೊಡ್ಡವನು. ಹಾಗಾಗಿ ಮನೆಯಲ್ಲಿ ಅವನು ದೊಡ್ಡವನು, ನನ್ನವನು ಚಿಕ್ಕವನು. ಹದಿನೈದು ವರ್ಷ ಏಕಮೇವ ಸುಪುತ್ರನಾಗಿ ಮೆರೆದವನಿಗೆ ಒಂದು ಬೆಳಗಾಗುವುದರಲ್ಲಿ ಚಿಕ್ಕವನಾಗುವುದೆಂದರೆ ಸಣ್ಣ ಮಾತಲ್ಲ. ಅವನು ಅದನ್ನು ಡೋಲು ಬಾರಿಸಿಯೇ ಹೇಳಿದ. ಅವನಿಗೆ ಡ್ರಮ್ಮಷ್ಟೇ ಅಲ್ಲ, ಕೈಗೆ ಸಿಕ್ಕಿದ್ದೆಲ್ಲ ವಾದ್ಯ: ಬಕೆಟ್ಟು, ಬೀರು, ಊಟದ ತಟ್ಟೆ, ಒಮ್ಮೊಮ್ಮೆ ನನ್ನ ಬೆನ್ನು. ದೊಡ್ಡವನದು ಗಿಟಾರು. ಕಣ್ಣು ಮುಚ್ಚಿಕೊಂಡು, ಪ್ರಪಂಚದ ದುಃಖವನ್ನೆಲ್ಲ ಗುತ್ತಿಗೆ ಹಿಡಿದವನಂತೆ, ಬಲು ನಿಧಾನವಾಗಿ ಹಾಡುತ್ತಿದ್ದ. ಒಬ್ಬ ಹಾಡಿನ ಮೊದಲ ಸಾಲು ಮುಗಿಸುವುದರೊಳಗೆ ಇನ್ನೊಬ್ಬ ಬಡಿತ ಮುಗಿಸಿ ಎದ್ದು ಹೋಗಿರುತ್ತಿದ್ದ.

ಕೋಣೆಯ ನಡುವೆ ಬಟ್ಟೆಯ ಬೀರು ನಿಲ್ಲಿಸಿ ಗಡಿ ಮಾಡಿದ್ದರು. ಫ್ಯಾನಿನ ಸ್ವಿಚ್ಚು ದೊಡ್ಡವನ ರಾಜ್ಯಕ್ಕೆ ಸೇರಿತು, ಕಿಟಕಿ ಚಿಕ್ಕವನ ಸಾಮ್ರಾಜ್ಯಕ್ಕೆ. ಇವನು ಕಿಟಕಿ ಮುಚ್ಚಿದರೆ ಅವನು ಫ್ಯಾನು ನಿಲ್ಲಿಸುವನು. ಬೇಸಿಗೆಯಲ್ಲಿ ಇಬ್ಬರೂ ಬೆವರಿನಲ್ಲಿ ತೊಯ್ದು, ಹಟ ಬಿಡದೆ ಮಲಗಿರುತ್ತಿದ್ದರು.

ಒಂದು ದಿನ ದೊಡ್ಡವನ ಗಿಟಾರಿನ ತಂತಿಗಳು ಮಾಯವಾದವು. ಮರುದಿನ ಚಿಕ್ಕವನ ಡ್ರಮ್ಮಿನ ಚರ್ಮ ಹರಿದಿತ್ತು. ಸಂಜೆ ಹೆಂಡತಿ ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದಳು. ಅವಳು ಅದನ್ನು ಸರಿಸಿದಳೆಂದರೆ ವಿಷಯ ಗಂಭೀರ.

"ರೀ, ನಾನು ಅಕ್ಕನ ಹತ್ರ ಮಾತಾಡಿದೀನಿ. ರಜೆ ಮುಗಿದ್ಮೇಲೆ ದೊಡ್ಡವನು ಅಲ್ಲೇ ಇದ್ದು ಓದ್ಕೊಳ್ಳಲಿ."

"ಅವನು ಏನಂದ?"

"ಆಗ್ಲೇ ಬ್ಯಾಗಿಗೆ ಬಟ್ಟೆ ತುಂಬ್ಕೊಂಡಿದಾನೆ."

ಆ ಹುಡುಗ ನನ್ನನ್ನು "ಡಾಕ್ಟ್ರೇ" ಎಂದಲ್ಲದೆ ಬೇರೇನೂ ಕರೆದವನಲ್ಲ. ಆದರೂ ಊಟಕ್ಕೆ ಕೂತಾಗ ನನ್ನ ಲೋಟಕ್ಕೆ ನೀರು ತುಂಬಿಸುತ್ತಿದ್ದವನು ಅವನೇ. ಅವನು ಹೋದರೆ ಅವಳ ಅರ್ಧ ಜೀವವೂ ಅಲ್ಲಿಗೇ ಹೋಗುತ್ತದೆ. ಉಳಿದ ಅರ್ಧ ಇಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿರುತ್ತದೆ.

ಆಗ ನನ್ನ ತಲೆಯಲ್ಲಿ ಆ ಮಹಾನ್ ಯೋಜನೆ ಉದಯಿಸಿತು. ಒಬ್ಬ ಹಾಡುತ್ತಾನೆ, ಒಬ್ಬ ಬಾರಿಸುತ್ತಾನೆ. ಇಬ್ಬರನ್ನೂ ಸೇರಿಸಿ ಒಂದು ವಾದ್ಯಗೋಷ್ಠಿ ಕಟ್ಟಿದರೆ? ಜಗಳಕ್ಕೆ ಪುರುಸೊತ್ತೇ ಇರುವುದಿಲ್ಲ.

"ಇವರು ಬೀರು ಅಡ್ಡ ಇಟ್ಕೊಂಡೇ ಹೊಡೆದಾಡ್ತಾರೆ. ನೀವು ಬೀರು ತೆಗೀರಿ ಅಂತೀರಲ್ಲ," ಎಂದಳು ಹೆಂಡತಿ.

"ಋಣಕ್ಕೆ ಋಣ ಗುಣಿಸಿದ್ರೆ ಧನ ಅಂತ ನೀನೇ ಹೇಳ್ತೀಯಲ್ಲ."

"ಗುಣಿಸಿದ್ರೆ. ಕೂಡಿದ್ರೆ ಅಲ್ಲ."

ನಾನು ಗುಣಾಕಾರಕ್ಕೆ ಹೊರಟೆ. ಹೊಸ ತಂತಿ ತಂದೆ, ಹೊಸ ಚರ್ಮ ಹಾಕಿಸಿದೆ, ನನ್ನನ್ನು ನಾನೇ ಮ್ಯಾನೇಜರಾಗಿ ನೇಮಿಸಿಕೊಂಡೆ. ನಿಜವಾದ ಸಂಗೀತ ಕಂಪನಿಯೊಂದರ ಮಾಲೀಕರ ಮುಂದೆ ಹಾಡಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆ ಹುಡುಗರು ಒಂದೇ ಹಾಡನ್ನು ಬೀರುವಿನ ಆ ಕಡೆ ಈ ಕಡೆ ಕೂತು ಅಭ್ಯಾಸ ಮಾಡಲು ಒಪ್ಪಿದರು. ಒಬ್ಬರ ಮುಖ ಒಬ್ಬರು ನೋಡುವ ಷರತ್ತು ಇರಲಿಲ್ಲ.

ಮಾತು ಕೊಡುವುದಕ್ಕೆ ನನಗೆ ಆಧಾರವಿತ್ತು. ನಮ್ಮೂರಿನ ಸಂಗೀತ ಕಂಪನಿಯ ಮಾಲೀಕರು ಅದೇ ವಾರ ನನ್ನ ಕ್ಲಿನಿಕ್ಕಿಗೆ ಬರುವವರಿದ್ದರು. ಕೆಳಗಿನ ಎಡ ದವಡೆಯಲ್ಲಿ ಹುಳುಕು. ಎಷ್ಟೋ ಗಾಯಕರು ಅವರ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಸವೆಸಿ ಒಂದು ನಿಮಿಷ ಸಿಗದೆ ಹಿಂತಿರುಗಿದ್ದರಂತೆ. ನನಗೆ ಅವರು ಮುಕ್ಕಾಲು ಗಂಟೆ ಸಿಗುವವರಿದ್ದರು, ಅದೂ ಬಾಯಿ ತೆರೆದುಕೊಂಡು, ಮಲಗಿದ ಭಂಗಿಯಲ್ಲಿ. ಇಂಥ ಯೋಗ ಯಾವ ಮ್ಯಾನೇಜರಿಗೆ ಬಂದೀತು?

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿಗೆ ಹತ್ತಿ ತುರುಕಿ, ಡ್ರಿಲ್ ಹಿಡಿದುಕೊಂಡೇ ಶುರು ಮಾಡಿದೆ.

"ಸಾರ್, ನಮ್ಮನೇಲಿ ಇಬ್ಬರು ಹುಡುಗರಿದಾರೆ. ಒಬ್ಬನ ಕಂಠ ಇದೆಯಲ್ಲ, ಜೇನು."

"ಆ," ಎಂದರು ಅವರು.

"ಇನ್ನೊಬ್ಬನ ಕೈ ಸಾರ್, ಗುಡುಗು."

"ಆ ಆ."

"ನೀವು ಒಂದ್ಸಲ ಕೇಳ್ಬೇಕು."

"ಆಆಆ," ಎಂದು ಅವರು ಕೈ ಎತ್ತಿ ತಮ್ಮ ಕೆನ್ನೆಯತ್ತ ಬೆರಳು ತಿರುಗಿಸಿ, ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಎಂಬಂತೆ ಆಡಿಸಿದರು. ಒಬ್ಬ ಸಾಲದು, ಪಕ್ಕದಲ್ಲಿ ಇನ್ನೊಬ್ಬನೂ ಇರಲಿ ಎಂಬ ಅಭಿಪ್ರಾಯ ಅದೆಂದು ನಾನು ತಿಳಿದೆ. "ಇಬ್ಬರೂ ಇರ್ತಾರೆ ಸಾರ್, ಯೋಚನೆ ಮಾಡ್ಬೇಡಿ," ಎಂದು ಭರವಸೆ ಕೊಟ್ಟು ಕೆಲಸ ಮುಗಿಸಿದೆ. ಅಷ್ಟು ಉತ್ಸಾಹದಿಂದ ನಾನು ಯಾವ ಹಲ್ಲನ್ನೂ ಕೊರೆದಿರಲಿಲ್ಲ.

ಎದ್ದ ಮೇಲೆ ಅವರ ಅರ್ಧ ತುಟಿ ಇನ್ನೂ ಜೋತುಬಿದ್ದಿತ್ತು. "ಬಾನ್ವಾ... ಬಂದ್ರೆ... ಎಲ್ಲಿ?" ಎಂದರು.

ಭಾನುವಾರ ಬಂದರೆ ಎಲ್ಲಿಗೆ ಬರಲಿ ಎಂದು ಅವರಾಗಿಯೇ ಕೇಳುತ್ತಿದ್ದಾರೆ. ನನ್ನ ಕಣ್ಣು ತುಂಬಿ ಬಂತು. "ಮನೆಗೇ ಬನ್ನಿ ಸಾರ್, ಸಂಕೋಚ ಬೇಡ. ಕ್ಲಿನಿಕ್ಕಿನ ಹಿಂದೇನೇ ಮನೆ," ಎಂದೆ. ಅವರು ಯಾಕೋ ನನ್ನನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಹೋದರು.

ಭಾನುವಾರ ಬೆಳಗ್ಗೆ ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಒಂದನ್ನು ಮಾತ್ರ ಮಧ್ಯದಲ್ಲಿ ಇಟ್ಟು, ಅದರ ಮೇಲೆ ದಿಂಬು ಹಾಕಿದೆ. ಹುಡುಗರು ಎದುರುಬದುರು ಮೂಲೆಗಳಲ್ಲಿ, ಬೆನ್ನು ತಿರುಗಿಸಿಕೊಂಡು ಕೂತಿದ್ದರು. ಹೆಂಡತಿ ಮತ್ತೆ ಕೇಳಿದಳು, "ಅವರು ಬರ್ತೀನಿ ಅಂತ ಬಾಯ್ಬಿಟ್ಟು ಹೇಳಿದ್ರಾ?"

"ಬಾಯಿ ಬಿಟ್ಕೊಂಡೇ ಹೇಳಿದ್ದು," ಎಂದೆ.

ಬಾಗಿಲ ಗಂಟೆ ಸದ್ದು ಮಾಡಿತು. ಮಾಲೀಕರೇ. ತಲೆಯಿಂದ ಗದ್ದದವರೆಗೆ ಮಫ್ಲರ್ ಸುತ್ತಿಕೊಂಡಿದ್ದರು. ದೊಡ್ಡವರು ಜನ ಗುರುತು ಹಿಡಿಯಬಾರದೆಂದು ಹೀಗೆಲ್ಲ ಮಾಡುತ್ತಾರೆ ಎಂದುಕೊಂಡು ನಾನು ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅವರು "ಮ್ಮ್... ಹ್ಹ..." ಎಂದು ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಕಂಡರೆ ಕೈ ಸುಮ್ಮನಿರದ ವೃತ್ತಿ ನನ್ನದು. ಅತಿಥಿಗೆಂದು ತಂದಿಟ್ಟಿದ್ದ ಐಸ್‌ಕ್ರೀಮನ್ನು ಒಂದು ಚಮಚ ಇಟ್ಟುಬಿಟ್ಟೆ. ಅವರ ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಎಂಥ ಮೃದು ಮನಸ್ಸಿನವರು ಎಂದು ನಾನು ಹೆಂಡತಿಯ ಕಡೆ ನೋಡಿದೆ.

"ಶುರು ಮಾಡ್ರೋ," ಎಂದೆ.

ದೊಡ್ಡವನು ಕಣ್ಣು ಮುಚ್ಚಿ ಹಾಡತೊಡಗಿದ. ಚಿಕ್ಕವನು ಅವನಿಗಿಂತ ಮೂರು ಹೆಜ್ಜೆ ಮುಂದೆ ಓಡುತ್ತ ಬಾರಿಸಿದ. ಮಾಲೀಕರು ಕೆನ್ನೆಗೆ ಅಂಗೈ ಕೊಟ್ಟು ಎಡಕ್ಕೂ ಬಲಕ್ಕೂ ತೂಗಲಾರಂಭಿಸಿದರು. ಅಷ್ಟು ತನ್ಮಯರಾಗಿ ತಲೆದೂಗುವ ಶ್ರೋತೃವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಚರಣದ ಕೊನೆಯಲ್ಲಿ ಚಿಕ್ಕವನು ದೊಡ್ಡ ಡ್ರಮ್ಮಿಗೆ ಧಡ್ ಎಂದು ಒದ್ದಾಗ ಅವರು ಕುರ್ಚಿಯಿಂದ ಒಂದು ಮೊಳ ಮೇಲೆದ್ದರು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಗಿಟಾರು ನಿಂತಿತು. ದೊಡ್ಡವನು ಕಣ್ಣು ಬಿಟ್ಟು ಅತಿಥಿಯನ್ನೇ ನೋಡುತ್ತಿದ್ದ.

"ಡಾಕ್ಟ್ರೇ, ಅವರಿಗೆ ಹಲ್ಲು ನೋಯ್ತಿದೆ."

"ಭಾವುಕರಾಗಿದಾರಪ್ಪ, ನೀನು ಮುಂದುವರಿಸು."

ಚಿಕ್ಕವನೂ ಕಡ್ಡಿ ಕೆಳಗಿಟ್ಟ. "ಅಪ್ಪ, ಅವನು ಹೇಳ್ತಿರೋದು ಸರಿ. ಕೆನ್ನೆ ನೋಡು, ಬನ್ ಥರ ಊದಿದೆ. ನೀನು ಹಲ್ಲಿನ ಡಾಕ್ಟರ್ ತಾನೆ?"

ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಆ ಸಂತೋಷವನ್ನು ಅನುಭವಿಸಲು ನನಗೆ ವ್ಯವಧಾನ ಸಿಗಲಿಲ್ಲ. ಹೆಂಡತಿ ಆಗಲೇ ಅತಿಥಿಯ ಮಫ್ಲರ್ ಬಿಚ್ಚಿ, ಅವರನ್ನು ಕ್ಲಿನಿಕ್ಕಿಗೆ ನಡೆಸುತ್ತಿದ್ದಳು.

ದೊಡ್ಡವನು ದೀಪ ಹಿಡಿದ, ಚಿಕ್ಕವನು ನೀರಿನ ಲೋಟ ಹಿಡಿದ. ನಾನು ಬಾಯೊಳಗೆ ಇಣುಕಿದೆ. ನಾನು ತುಂಬಿಸಿದ ಫಿಲ್ಲಿಂಗ್ ಬೆಳ್ಳಗೆ, ಅಂದವಾಗಿ, ಒಂದು ಕಲಾಕೃತಿಯಂತೆ ಹೊಳೆಯುತ್ತಿತ್ತು. ಅದರ ಪಕ್ಕದ ಹಲ್ಲಿನಲ್ಲಿ ಕಪ್ಪು ಹುಳುಕು ಬಾವಿಯಂತೆ ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು.

ನಾನು ತುಂಬಿಸಿದ್ದು ಪಾಪದ, ಆರೋಗ್ಯವಂತ ಹಲ್ಲನ್ನು.

ಹುಡುಗರಿಬ್ಬರೂ ಬಗ್ಗಿ ನೋಡಿದರು. ಹುಳುಕು ಹಿಡಿದದ್ದು ಯಾವುದು, ಸಿಮೆಂಟು ಬಿದ್ದದ್ದು ಯಾವುದು ಎಂದು ತಿಳಿಯಲು ದಂತವೈದ್ಯ ಪದವಿ ಬೇಕಾಗಿರಲಿಲ್ಲ.

"ಇದು ಒಂಥರಾ ಮುಂಜಾಗ್ರತೆ ಕ್ರಮ," ಎಂದೆ.

ಚಿಕ್ಕವನು ಲೋಟ ಕೆಳಗಿಟ್ಟು ಹೊರಗೆ ಓಡಿದ. ದೊಡ್ಡವನು ದೀಪವನ್ನು ತಾಯಿಯ ಕೈಗೆ ಕೊಟ್ಟು ಅವನ ಹಿಂದೆಯೇ ಓಡಿದ. ಬಾಗಿಲ ಆಚೆಯಿಂದ ನಗು ಕೇಳಿಸಿತು. ಮೊದಲು ಒಬ್ಬನದು, ಆಮೇಲೆ ಇಬ್ಬರದೂ. ಬಿಕ್ಕಿ ಬಿಕ್ಕಿ, ಗೋಡೆಗೆ ಒರಗಿ, ಉಸಿರು ಸಿಕ್ಕದೆ ನಗುವ ನಗು. ಹೆಂಡತಿ ದೀಪ ಹಿಡಿದುಕೊಂಡು ಆ ಸದ್ದನ್ನೇ ಆಲಿಸುತ್ತ ನಿಂತಳು. ದೀಪ ಅಲ್ಲಾಡುತ್ತಿತ್ತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ನೋವು ಇಳಿದ ಮೇಲೆ ಮಾಲೀಕರು ಮೊದಲು ಹೇಳಿದ ಮಾತು ಇದು: "ನೀವು ಕೊರೀವಾಗ್ಲೇ ಪಕ್ಕದ್ದು, ಪಕ್ಕದ್ದು ಅಂತ ಬೆರಳಲ್ಲಿ ತೋರಿಸ್ದೆ. ಆಮೇಲೆ ಬಾಯ್ನೋವು ಬಂದ್ರೆ ಎಲ್ಲಿಗೆ ಬರ್ಲಿ ಅಂತ ಕೇಳ್ದೆ. ಮನೆಗೇ ಬನ್ನಿ ಅಂದ್ರಿ. ಬಂದ್ರೆ ಐಸ್‌ಕ್ರೀಮ್ ತಿನ್ನಿಸಿದ್ರಿ."

ಬಾಯ್ನೋವು. ಭಾನುವಾರ. ನನ್ನ ಕಿವಿಯನ್ನು ನಾನೇ ಯಾರಿಗಾದರೂ ತೋರಿಸಬೇಕಿತ್ತು.

"ಹುಡುಗರ ಹಾಡು ಹೇಗಿತ್ತು ಸಾರ್?" ಎಂದು ಕೇಳಿದೆ. (ಮ್ಯಾನೇಜರಿನ ಕರ್ತವ್ಯ ಬಿಡಲಾಗುವುದಿಲ್ಲ.)

"ಆ ಹಾಡು ಬೇಡ," ಎಂದು ಅವರು ಮಫ್ಲರ್ ಸುತ್ತಿಕೊಂಡರು.

ಅಂದೇ ಮಧ್ಯಾಹ್ನ ಹುಡುಗರ ಕೋಣೆಯಿಂದ ಏನೋ ಎಳೆಯುವ ಸದ್ದು ಬಂತು. ನೋಡಿದರೆ ಬೀರು ಗೋಡೆಗೆ ಹೋಗಿತ್ತು. ಇಬ್ಬರೂ ನೆಲದ ಮೇಲೆ ಕೂತು, ಏನೋ ಗುನುಗುತ್ತ, ಮಧ್ಯೆ ಮಧ್ಯೆ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು. ನನ್ನನ್ನು ಕಂಡು ಬಾಗಿಲು ಮುಚ್ಚಿದರು. ಬಟ್ಟೆ ತುಂಬಿದ್ದ ಬ್ಯಾಗು ಖಾಲಿಯಾಗಿ ಬೀರುವಿನ ಮೇಲೆ ಬಿದ್ದಿದ್ದನ್ನು ಅಷ್ಟರಲ್ಲೇ ನೋಡಿಕೊಂಡಿದ್ದೆ. ನಾನು ಹೆಂಡತಿಯ ಬಳಿ ಹೋಗಿ ಎದೆಯುಬ್ಬಿಸಿ ನಿಂತೆ.

"ನೋಡಿದ್ಯಾ ಗುಣಾಕಾರ?"

"ನೋಡಿದೆ. ಅವರು ಗುನುಗ್ತಿರೋದು ಯಾರ ಮೇಲೆ ಅಂತಾನೂ ಕೇಳ್ಸ್ಕೊಂಡೆ," ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಅವರು ಕಟ್ಟಿದ ಹೊಸ ಹಾಡು ನನಗೆ ಕೇಳಿಸಿದ್ದು ಎಲ್ಲರಿಗಿಂತ ಕೊನೆಗೆ. ಮಾಲೀಕರು ಅದನ್ನು ನನಗಿಂತ ಮೊದಲೇ ಕೇಳಿದ್ದರು. ಹುಡುಗರು ಹೆಂಡತಿಯನ್ನು ಕರೆದುಕೊಂಡು ಅವರ ಆಫೀಸಿಗೇ ಹೋಗಿದ್ದರು. ತಪ್ಪೇ ಮಾಡದ ಹಲ್ಲೊಂದು ಡ್ರಿಲ್ ಹಿಡಿದು ಬಂದ ಡಾಕ್ಟರಿಗೆ ಕೈಮುಗಿದು ಮೊರೆಯಿಡುವ ಹಾಡು ಅದು. ದೊಡ್ಡವನ ದುಃಖದ ಕಂಠ ಹಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಚಿಕ್ಕವನ ಬಡಿತ ಡ್ರಿಲ್ಲಿನದು. ಪ್ರತಿ ಚರಣದ ಕೊನೆಗೂ ಒಂದೇ ಪಲ್ಲವಿ: "ನಾನಲ್ಲಯ್ಯ, ಪಕ್ಕದವನು."

ಮಾಲೀಕರು ಅಲ್ಲಿಯೇ ಒಪ್ಪಿಬಿಟ್ಟರಂತೆ. ಇಷ್ಟು ವರ್ಷ ಹಾಡು ಕೇಳಿದ ತಮಗೆ ಇಷ್ಟು ಹತ್ತಿರವಾದ ಹಾಡು ಇನ್ನೊಂದಿಲ್ಲ ಎಂದರಂತೆ. ಅವರದು ಒಂದೇ ಷರತ್ತು, ಹಳೇ ಮ್ಯಾನೇಜರು ಸ್ಟುಡಿಯೋದ ಆಸುಪಾಸು ಸುಳಿಯಬಾರದು. ಹುಡುಗರು ಒಬ್ಬರ ಮುಖ ಒಬ್ಬರು ನೋಡದೆಯೇ ಒಂದೇ ಉಸಿರಿಗೆ "ಆಯ್ತು" ಎಂದರಂತೆ. ಈಗ ಹೆಂಡತಿಯೇ ಮ್ಯಾನೇಜರು.

ಹಾಡು ಬಂದ ತಿಂಗಳಲ್ಲೇ ಬಸ್ಸುಗಳಲ್ಲಿ, ಕಟಿಂಗ್ ಅಂಗಡಿಗಳಲ್ಲಿ, ಹೆಂಡತಿಯ ಶಾಲೆಯ ಮೈದಾನದಲ್ಲಿ ಅದೇ. ಮನೆಯಲ್ಲಂತೂ ಯಾರು ಏನು ಒಡೆದರೂ ವಿಚಾರಣೆಗೆ ಉತ್ತರ ರಾಗವಾಗಿ ಬರುತ್ತದೆ. ಹಾಡಿನ ಡಾಕ್ಟರು ಯಾರೆಂದು ಹೊರಗೆ ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ನಾನು ದಿನ ದೂಡುತ್ತಿದ್ದೆ.

ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಹೊರಗೆ ಬೆಂಚಿನ ತುಂಬ ಜನ. ಕುರ್ಚಿಯಲ್ಲಿ ಮಲಗಿಸಿ, ಡ್ರಿಲ್ ಎತ್ತಿಕೊಂಡೆ. ಅವರು ನನ್ನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು, ಕನ್ನಡಕದ ಮೇಲಿನಿಂದ ದಿಟ್ಟಿಸಿ ಕೇಳಿದರು.

"ಏನಪ್ಪಾ, ಆ ಹಾಡಿನಲ್ಲಿ ಬರೋ ಡಾಕ್ಟ್ರು ನೀನೇ ಅಲ್ವಾ?"

ಮಾನ ಉಳಿಸಿಕೊಳ್ಳಬೇಕಿತ್ತು. ನಮ್ಮ ಪಕ್ಕದ ರಸ್ತೆಯಲ್ಲಿ ಇನ್ನೊಬ್ಬ ದಂತವೈದ್ಯರಿರುವುದು ತಕ್ಷಣ ನೆನಪಾಗಿ, ಏರುದನಿಯಲ್ಲಿ ಹೇಳಿಬಿಟ್ಟೆ: "ನಾನಲ್ಲಮ್ಮ, ಪಕ್ಕದವನು."

ಮಾತು ಬಾಯಿಂದ ಹೊರಟದ್ದು ಸರಿಯಾಗಿ ಶ್ರುತಿಯಲ್ಲಿ. ಬೆಂಚಿನ ಮೇಲೆ ಕೂತವರೆಲ್ಲ ಸೇರಿ ಮುಂದಿನ ಸಾಲು ಎತ್ತಿಕೊಂಡರು.