ಮಾಳಿಗೆಯ ಮೇಲಿನ ಶಾವಿಗೆ

ನಾನು ಒಮ್ಮೆ ಸತ್ತಿದ್ದೇನೆ. ಈ ಸಂಗತಿಗೆ ನಮ್ಮ ಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲ. (ಸಾಯುವ ಮೊದಲು ಇತ್ತೇ ಎಂದು ಕೇಳಿ ನನ್ನ ಹೊಟ್ಟೆ ಉರಿಸಬೇಡಿ.) ನನ್ನ ಧರ್ಮಪತ್ನಿ ಗುರುಬಸವ್ವ ಆ ಕಥೆಯನ್ನು ಬಂದವರಿಗೆಲ್ಲ ತನಗೆ ಬೇಕಾದಂತೆ ಹೇಳುತ್ತಾಳೆ. ಅದಕ್ಕೇ ಖುದ್ದು ಸತ್ತವನಾದ ನಾನು, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿದ್ದ ವರ್ಷದ ಬೇಸಿಗೆ. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆ. ಮಾಳಿಗೆಯ ಮೇಲೆ ಗುರುಬಸವ್ವ ಶಾವಿಗೆ ಒಣಹಾಕಿದ್ದಳು. ಗೋಧಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದ್ದ ಕಾಲ. ಸಿದ್ಧೇಶ್ವರ ಗುಡಿಯ ಹತ್ತಿರದ ನನ್ನ ಅರಿವೆ ಅಂಗಡಿಗೆ ಬೀಗ ಹಾಕಿಸಿ, ಕೈಗೊಂದು ಕೋಲು ಕೊಟ್ಟು, ಕಾಗೆ ಓಡಿಸುವ ಮಹಾಕಾರ್ಯಕ್ಕೆ ನನ್ನನ್ನು ನೇಮಿಸಿದ್ದಳು. ಬಿಸಿಲಿಗೆ ನಾನು ತೂಕಡಿಸಿದೆ. ಕಾಗೆ ಬಂತು. ಶಾವಿಗೆಯನ್ನು ಮೂಸಿ ಕೂಡ ನೋಡದೆ ನೇರವಾಗಿ ನನ್ನ ಬೋಳುತಲೆಯ ಮೇಲೆ ಕೂತಿತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಕಾಗೆ ತಲೆ ಮುಟ್ಟಿದವನಿಗೆ ಸಾವಿನ ಕಂಟಕ. ಅವನು ಸತ್ತನೆಂದು ಬೀಗರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ ಕಂಟಕ ಕಳೆಯುತ್ತದೆ. ಮರುದಿನ ಖರೆ ಸುದ್ದಿ ಮುಟ್ಟಿಸಬೇಕು. ಗುರುಬಸವ್ವನ ತವರು ತಿಕೋಟಾ. ಟಾಂಗಾ ಹೊಡೆಯುವ ಗೈಬುಸಾಬ ಅಂದು ಅಲ್ಲಿಗೇ ಹೊರಟಿದ್ದ.

"ಯಾರ ಮುಂದೂ ಖರೆ ಬಿಡಬ್ಯಾಡ ನೋಡಪಾ. ನಮ್ಮವ್ವ ಹೊಟ್ಟಿ ಉರದು ಅಳಬೇಕು" ಎಂದಳು ಗುರುಬಸವ್ವ.

"ಚಿಂತಿ ಬಿಡ್ರಿ ಅಕ್ಕಾರ, ನಾನೂ ಕೂಡಿ ಅಳತೇನಿ" ಎಂದ ಗೈಬುಸಾಬ.

ಮರುದಿನ ಬೆಳಿಗ್ಗೆ ನನಗೊಂದು ದಿವ್ಯ ಯೋಚನೆ ಹೊಳೆಯಿತು.

"ಖರೆ ಸುದ್ದಿ ಹೇಳಾಕ ನಾನ ಹೋಗತೇನಿ. ಸತ್ತ ಅಳಿಯ ಬಾಗಲಾಗ ನಿಂತ್ರ ನಿಮ್ಮವ್ವ ಹೋಳಿಗಿ ಮಾಡದ ಬಿಡತಾಳೇನು?"

"ಸತ್ತ ಮ್ಯಾಲೂ ಹೊಟ್ಟೀದ ಚಿಂತಿ ನಿಮಗ! ಹೋಗೂ ಮುಂದ ಮಾಳಿಗಿ ಮ್ಯಾಲಿನ ಶಾವಿಗಿ ತಗದು, ಗಡಿಗ್ಯಾಗ ತುಂಬಿ ಹೋಗ್ರಿ."

"ಹೂಂ" ಎಂದೆ. ಅವಳು ಒಲೆಯ ಕಡೆ ಮುಖ ಮಾಡಿ ಹೇಳಿದಳು, ನಾನು ಅವಳ ಬೆನ್ನಿಗೆ ಉತ್ತರ ಕೊಟ್ಟೆ. ಹನ್ನೆರಡು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿತ್ತು.

ಇದ್ದಿಲಿನ ಹೊಗೆ ಕಾರುತ್ತಿದ್ದ ಸರ್ವೀಸ್ ಮೋಟಾರು ತಿಕೋಟಾ ಮುಟ್ಟಿದಾಗ ಸರಿಯಾಗಿ ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ನನ್ನನ್ನು ಕಂಡವರು ಚೀರಿ ಓಡುತ್ತಾರೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಬಾವಿಕಟ್ಟೆಯ ಮೇಲೆ ಮಾತ್ರ ಹನಮವ್ವ ಎಂಬ ಮುದುಕಿ ಕೊಡ ತುಂಬುತ್ತಿದ್ದಳು. ತಲೆ ಎತ್ತಿ ನೋಡಿದಳು. ಚೀರಲಿಲ್ಲ.

"ಈಗರ ಉಣ್ಣಾಕ ಕುಂತಿದ್ರಿ. ಹೊರಗ ಯಾವಾಗ ಬಂದ್ರಿ?" ಎಂದಳು.

ಮುದುಕಿಗೆ ಅರಳುಮರಳು ಎಂದುಕೊಂಡು ಮುಂದೆ ಹೋದೆ. ಮೂಲೆಯಲ್ಲಿ ಎಲೆ ಅಡಿಕೆ ಮಾರುವ ಬುಡ್ಡೇಸಾಬ ನನ್ನನ್ನು ನೋಡಿ ನಕ್ಕ. "ಮತ್ತ ಬಂದ್ರಿ? ತಾಸಿನ ಹಿಂದ ಒಯ್ದಿದ್ದು ಆಗಲೇ ಮುಗೀತೇನು?"

ಆ ಸುಡುಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು. ನಾನು ಆ ಅಂಗಡಿಗೆ ಕಾಲಿಡದೆ ಆರು ತಿಂಗಳಾಗಿತ್ತು.

ಅತ್ತೆಯ ಮನೆಯ ಕಿಟಕಿಯಿಂದ ಮೆಲ್ಲಗೆ ಇಣುಕಿದೆ. ಒಳಗೆ ಮಣೆಯ ಮೇಲೆ ನಾನು ಕೂತಿದ್ದೆ. ಅದೇ ಬೋಳುತಲೆ, ಅದೇ ಮೀಸೆ. ಎಡಗೈಯಿಂದ ಕಿವಿಯ ಹಿಂದೆ ತುರಿಸುತ್ತ ಹೋಳಿಗೆ ತಿನ್ನುತ್ತಿದ್ದೆ. ನನ್ನ ಅತ್ತೆ ಮುರಿಗೆವ್ವ ಕಣ್ಣೊರೆಸಿಕೊಳ್ಳುತ್ತ ಗಾಳಿ ಬೀಸುತ್ತಿದ್ದಳು. (ನನಗೆ ಅವಳು ಒಮ್ಮೆಯೂ ಗಾಳಿ ಬೀಸಿದವಳಲ್ಲ.) ಆ ಮನುಷ್ಯ ಕಿಟಕಿಯ ಕಡೆ ತಿರುಗಿ, ನನ್ನನ್ನು ನೋಡಿ, ನಾನು ನಗುವ ಹಾಗೆಯೇ ನಕ್ಕ.

"ಅತ್ತೀ, ನಾನು!" ಎಂದು ಬಾಗಿಲಿಗೆ ಓಡಿದೆ.

ಈಗ ಬಂತು ನೋಡಿ ಚೀರಾಟ. "ಯಪ್ಪಾ! ಕಾಗಿ ರೂಪಾ ತೊಟ್ಟು ಬಂದೈತಿ!" ಎಂದು ಅತ್ತೆ ಕಂಬ ಅಪ್ಪಿಕೊಂಡಳು. ಹೆಂಡತಿಯ ತಮ್ಮ ಅಮರಪ್ಪ ಸಾಲಿ ಕಲಿತವನು. "ನೆರಳು ಐತೇನು ನೋಡ್ರಿ. ದೆವ್ವಕ್ಕ ನೆರಳಿರೂದಿಲ್ಲ" ಎಂದ. ಎಲ್ಲರೂ ಬಗ್ಗಿ ನೋಡಿದರು. ನಾನೂ ಬಗ್ಗಿ ನೋಡಿದೆ. ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ. ನನಗೆ ನೆರಳಿರಲಿಲ್ಲ.

ಬೆಳಿಗ್ಗೆ ಅವರೆಲ್ಲ ಅಳುತ್ತ ವಿಜಾಪುರದ ಮೋಟಾರು ಹತ್ತಲು ಹೊರಟಾಗ ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದನಂತೆ. ಅಳಿಯ ಬದುಕಿದ್ದಾನೆ, ಇದೆಲ್ಲ ಕಾಗೆಯ ಸುದ್ದಿ ಎಂದು ತಿಳಿದು ಒಳಗೆ ಎಳೆದುಕೊಂಡಿದ್ದರು. ಮೊದಲು ಬಂದವನು ಅಳಿಯ, ಆಮೇಲೆ ಬಂದವನು ದೆವ್ವ. ನನ್ನನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿ, ಸುತ್ತಲೂ ವಿಭೂತಿಯ ಗೆರೆ ಎಳೆದರು.

"ಲೇ ಅಮರ್ಯಾ, ನಾನು ನಿಮ್ಮ ಮಾಮಾ!"

"ಮಾಮಾ ಒಳಗ ಉಣ್ಣಾಕತ್ತಾನ. ನೀ ಗೆರಿ ದಾಟಬ್ಯಾಡ" ಎಂದು ಅವನು ಬಡಿಗೆ ಹಿಡಿದು ನಿಂತ.

ಎಮ್ಮೆಯ ಪಕ್ಕ ಕೂತು ನಾನು ನಿಜವಾಗಿಯೂ ಹೆದರಿದೆ. ದೆವ್ವಕ್ಕಲ್ಲ. ಸುದ್ದಿ ಹೋಗಿ ಗುರುಬಸವ್ವ ಬಂದಾಳು. ಬಂದು ಅವನನ್ನೇ ಕೈಮಾಡಿ ತೋರಿಸಿದರೆ ನನ್ನ ಗತಿಯೇನು? ಹನ್ನೆರಡು ವರ್ಷದಲ್ಲಿ ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದ್ದಾಳೆಯೇ? ನನ್ನ ಹೆಂಡತಿಯೂ ಗುರುತಿಸದಿದ್ದರೆ ನಾನು ಸತ್ತಂತೆಯೇ. ಕಣ್ಣಲ್ಲಿ ನೀರು ಬಂತು. ಎಮ್ಮೆ ಒಂದೇ ನನ್ನನ್ನು ಮನುಷ್ಯನಂತೆ ನೋಡುತ್ತಿತ್ತು.

ಸುದ್ದಿ ಕಳಿಸಬೇಕಾಗಲಿಲ್ಲ. ಖರೆ ಸುದ್ದಿ ನಾನು ಸರಿಯಾಗಿ ಮುಟ್ಟಿಸುತ್ತೇನೆಂಬ ನಂಬಿಕೆ ಸಾಲದೆ, ಮಾಳಿಗೆಯ ಕಡೆ ಹಾಯದೆ, ಅವಳೇ ಮನೆಗೆ ಬೀಗ ಹಾಕಿ, ಮರಳಿ ಬಂದಿದ್ದ ಗೈಬುಸಾಬನ ಟಾಂಗಾದಲ್ಲಿ ಬೆನ್ನಹಿಂದೆಯೇ ಹೊರಟಿದ್ದಳು. ನಾಲ್ಕು ಗಂಟೆಗೆ ಬಂದಳು. ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಅವಳಿಗೆ ಗುರುತು ಹತ್ತಲಿಲ್ಲ!

ಕೊನೆಗೆ ಗುರುಬಸವ್ವ ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ ನಿಂತು, ಒಲೆಯ ಮುಂದೆ ಕೇಳುವ ದನಿಯಲ್ಲೇ ಕೇಳಿದಳು:

"ರೀ, ಮಾಳಿಗಿ ಮ್ಯಾಲಿನ ಶಾವಿಗಿ ತಗದ್ರೇನು?"

"ತಗದು, ಗಡಿಗ್ಯಾಗ ತುಂಬಿ, ಅರಿವಿ ಮುಚ್ಚಿ ಇಟ್ಟೇನ್ರಿ" ಎಂದ ಅವನು, ತಣ್ಣಗೆ.

"ಅಯ್ಯ... ಮರತೆ!" ಎಂದೆ.

ಗುರುಬಸವ್ವ ಗರ್ರನೆ ತಿರುಗಿ ನನ್ನ ಕೈ ಹಿಡಿದಳು. "ಇವರ ನಮ್ಮವರು. ಹೇಳಿದ ಕೆಲಸಾ ಹನ್ನೆರಡು ವರ್ಷದಾಗ ಒಂದೂ ಮಾಡಿಲ್ಲ."

ಆ ಮನುಷ್ಯ ಕೈ ಜೋಡಿಸಿ ಅತ್ತೆಗೆ ನಮಸ್ಕಾರ ಮಾಡಿದ. "ನಂದು ಬಬಲೇಶ್ವರ್ರಿ ಯವ್ವಾ. ನಿಮಗ ಸಂಬಂಧಿಲ್ಲ, ಕುಲಾ ಇಲ್ಲ. ನೀರು ಕೇಳಾಕ ಬಂದಿದ್ದೆ. ಬಾಯಿ ತಗದಾಗೊಮ್ಮೆ ಹೋಳಿಗಿ ತುರುಕಿದ್ರಿ. ಶಾವಿಗಿ ಸುದ್ದಿ ನನಗೇನು ಗೊತ್ತು? ಹೆಣ್ಣಮಕ್ಕಳು ಕೇಳಿದ್ರ ಮಾಡೇನಿ ಅನ್ನೂದು ನಮ್ಮನಿ ರೂಢಿ." ಎಲ್ಲರೂ ನಕ್ಕರು. ಅವನೂ ನನ್ನ ನಗೆಯನ್ನೇ ನಕ್ಕು, ಬಬಲೇಶ್ವರದ ಹಾದಿ ಹಿಡಿದು ಹೋದ.

ಸಂಜೆಯ ಮೋಟಾರಿಗೆ ಮನೆಗೆ ಬಂದೆವು. ಗುರುಬಸವ್ವ ಸೊಂಟದ ಕೀಲಿಯಿಂದ ಬೀಗ ತೆಗೆದಳು. ಬೈಗುಳ ಕೇಳುತ್ತ ಮಾಳಿಗೆ ಹತ್ತಿದೆ. ಅವಳೂ ಹಿಂದೆ ಬಂದಳು. ಚಾಪೆ ಖಾಲಿ ಇತ್ತು. ಮೂಲೆಯಲ್ಲಿ ಗಡಿಗೆ. ಗಡಿಗೆಯ ತುಂಬ ಶಾವಿಗೆ, ಮೇಲೆ ಅರಿವೆ.

ಪಕ್ಕದ ಮಾಳಿಗೆಯಿಂದ ಆಶಾಬಿ ಕೂಗಿದಳು: "ಏನ್ರಿ ಅಣ್ಣಾರ, ಮಧ್ಯಾಹ್ನ ಎಷ್ಟ ಕರದ್ರೂ ಮಾತಾಡಲಿಲ್ಲ? ಶಾವಿಗಿ ತುಂಬೂದ್ರಾಗ ಭಾರಿ ಮುಳಗಿದ್ರಿ!"

ಮಧ್ಯಾಹ್ನ ಅವನೂ ನಾನೂ ಇದ್ದದ್ದು ತಿಕೋಟಾದಲ್ಲಿ. ಗುರುಬಸವ್ವ ಗಡಿಗೆಯನ್ನು ನೋಡಿದಳು. ಆಮೇಲೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದಳು.

"ಅಲ್ರೀ," ಎಂದಳು ಮೆಲ್ಲಗೆ, "ನಾ ಗಡಿಬಿಡ್ಯಾಗ ಕೆಟ್ಟದ್ದನ್ನ ಆರಿಸಿ ತಂದೆನೇನ್ರಿ?"

ಅಂದಿನಿಂದ ಶಾವಿಗೆಯ ಕಾವಲು ನನಗಿಲ್ಲ. ಒಣಹಾಕಿದ ದಿನ ನನ್ನನ್ನು ಅಂಗಡಿಗೆ ಅಟ್ಟಿ, ಮಾಳಿಗೆಯ ಮೇಲೆ ಒಂದು ತಾಟಿನಲ್ಲಿ ಎರಡು ಹೋಳಿಗೆ ಇಟ್ಟು ಬರುತ್ತಾಳೆ. ಸಂಜೆ ಹೋಳಿಗೆ ಇರುವುದಿಲ್ಲ. ಕಾಗೆ ತಿಂದಿರಬೇಕು ಎಂದು ನಾನು ಹೇಳುತ್ತೇನೆ.

ಅವಳು ಒಲೆಯ ಕಡೆ ತಿರುಗಿಕೊಂಡೇ ಅನ್ನುತ್ತಾಳೆ: "ಕಾಗಿ ತಾಟು ತೊಳದು ಇಡತೈತೇನ್ರಿ?"