ದಯವಿಟ್ಟು ನನಗೆ ಮತ್ತೊಮ್ಮೆ ಎಚ್ಚರಿಕೆ ಕೊಡಿ

ಪಶುವೈದ್ಯರ ಶಿಸ್ತು ಮಂಡಳಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮಿಂದ ಎಚ್ಚರಿಕೆ ಪಡೆದು ಪಾವನಳಾದ ಪಶುವೈದ್ಯೆಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಎಚ್ಚರಿಕೆಗೆ ಗುರಿಯಾದವರೂ ಇನ್ನು ಮರುಪರಿಶೀಲನೆ ಕೇಳಬಹುದೆಂಬ ತಮ್ಮ ಹೊಸ ನಿಯಮ ಓದಿ, ಮೇಕೆಯ ಕಾಲಿಗೆ ಸುತ್ತುತ್ತಿದ್ದ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟೆ, ಕುಣಿಯುವುದೊಂದೇ ಬಾಕಿ. ಆಮೇಲೆ ಕೆಳಗಿದ್ದ ಸಣ್ಣ ಅಕ್ಷರ ಕಂಡಿತು: ಹಿಂದೆ ಕೊಟ್ಟ ಎಚ್ಚರಿಕೆಗಳಿಗೆ ಈ ಹಕ್ಕಿಲ್ಲ.

ನನ್ನ ಘೋರ ಅಪರಾಧವನ್ನು ನೆನಪಿಸಲು ಅಪ್ಪಣೆಯಾಗಲಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ನಾಯಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದಾಗ, ಅದು ಸೂಜಿ ಹಿಡಿದ ನನ್ನನ್ನು ಬಿಟ್ಟು, ತನ್ನನ್ನು ಹಿಡಿದುಕೊಂಡಿದ್ದ ಯಜಮಾನರ ಮುಂಗೈಯನ್ನೇ ಸೀಳಿತು. ರಕ್ತ ನಿಲ್ಲಲೊಲ್ಲದು. ಬುದ್ಧಿಗೇಡಿಯಾದ ನಾನು ಅವರಿಗಿರುವುದು ಎರಡೇ ಕಾಲು ಎಂಬುದನ್ನು ಗಮನಿಸದೆ ಹೊಲಿಗೆ ಹಾಕಿ, ಆಮೇಲೆ ಆಸ್ಪತ್ರೆಗೆ ಕಳಿಸಿದೆ. ಅಭ್ಯಾಸಬಲದಿಂದ ಅವರ ತಲೆ ಸವರಿ 'ಜಾಣಮರಿ' ಅಂದದ್ದೂ, ಗಾಯ ನೆಕ್ಕದ ಹಾಗೆ ನಾಯಿಗಳಿಗೆ ಹಾಕುವ ಪ್ಲಾಸ್ಟಿಕ್ ಆಲಿಕೆಯನ್ನು ಕೊರಳಿಗೆ ತೊಡಿಸಹೋದದ್ದೂ ನಿಜ. ಮೇಷ್ಟ್ರ ಕೈ ಉಳಿಯಿತು, ಮಾವನಿಗೆ ನಾಯಿಯ ಉಪಚಾರವಾಯಿತೆಂದು ಅವರ ಅಳಿಯಂದಿರ ಮಾನ ಹೋಯಿತು, ಅವರಿಂದ ದೂರು ಬಂತು. ವೃತ್ತಿಯ ಎಲ್ಲೆ ಮೀರಿದಳೆಂದು ತಾವು ನನ್ನ ಹೆಸರಿನ ಮುಂದೆ ಎಚ್ಚರಿಕೆ ಬರೆಸಿದಿರಿ.

ದೊಡ್ಡ ಪ್ರಾಣಿ ಆಸ್ಪತ್ರೆಯಲ್ಲಿ ಈಗ ಶಸ್ತ್ರಚಿಕಿತ್ಸಕರ ಹುದ್ದೆ ಖಾಲಿಯಿದೆ. ಎಚ್ಚರಿಕೆ ಇರುವವರು ಅರ್ಜಿ ಹಾಕುವಂತಿಲ್ಲ. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತದೆ. ಪಕ್ಕದ ಬೀದಿಯ ವೈದ್ಯಮಹಾಶಯರಾದರೋ ಕುಡಿದ ಅಮಲಿನಲ್ಲಿ ಬೆಕ್ಕಿನ ಮುರಿದ ಕಾಲು ಬಿಟ್ಟು ಗಟ್ಟಿ ಕಾಲಿಗೇ ಪಟ್ಟಿ ಕಟ್ಟಿ, ನಿಯಮ ಬಂದ ಮೇಲೆ ಎಚ್ಚರಿಕೆ ಪಡೆದು, ಮರುಪರಿಶೀಲನೆಯಲ್ಲಿ ಅದನ್ನು ಅಳಿಸಿಕೊಂಡು, ಅದೇ ಹುದ್ದೆಗೆ ಅರ್ಜಿ ಹಾಕಿದ್ದಾರೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದು ನಾನು ಖಂಡಿತ ಹೇಳುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ ಎಂದಷ್ಟೇ ಹೇಳುತ್ತೇನೆ.

ತಮ್ಮ ಕಚೇರಿಗೆ ಫೋನ್ ಮಾಡಿದಾಗ ಗುಮಾಸ್ತರು ಬಹಳ ಮರ್ಯಾದೆಯಿಂದ, "ಹಳೇದಕ್ಕೆ ಏನೂ ಮಾಡೋಕಾಗಲ್ಲ ಮೇಡಂ, ಹೊಸದೇನಾದ್ರೂ ತಪ್ಪು ಮಾಡಿದೀರಾ?" ಎಂದು ಕೇಳಿದರು. ಇಲ್ಲವೆಂದು ಹೇಳಲು ನನಗೇ ನಾಚಿಕೆಯಾಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಹಳೆಯ ಎಚ್ಚರಿಕೆಯನ್ನು ಹಿಂಪಡೆದು, ಅದನ್ನೇ ಈ ವಾರದ ತಾರೀಖಿನಲ್ಲಿ, ಬೇಕಿದ್ದರೆ ಇನ್ನೂ ನಾಲ್ಕು ಬೈಗುಳ ಸೇರಿಸಿ, ದಯಪಾಲಿಸಬೇಕು. ಅದಾಗದಿದ್ದರೆ ಅಪರಾಧವನ್ನೇ ಮತ್ತೊಮ್ಮೆ ನಡೆಸಲು ಅನುಮತಿ ಕೊಡಬೇಕು. ಮೇಷ್ಟ್ರು ಇನ್ನೊಂದು ಕೈ ಕೊಡಲು ಸಂತೋಷದಿಂದ ಒಪ್ಪಿದ್ದಾರೆ. ನಾಯಿಯದೊಂದೇ ತಕರಾರು, ಪಾಪ, ಅದಕ್ಕೀಗ ಹಲ್ಲುಗಳಿಲ್ಲ.

ಇನ್ನೊಮ್ಮೆ ಗದರಿಸಿಕೊಳ್ಳಲು ಕಾತರಳಾದ,
ತಮ್ಮ ವಿಶ್ವಾಸಿ,
ಹಳೆಯ ತಪ್ಪಿನ ಪಶುವೈದ್ಯೆ

ತಾ.ಕ.: ಸಹಿ ಹಾಕುವಷ್ಟರಲ್ಲಿ ಹೆಂಗಸೊಬ್ಬರು ಬಂದರು, ಕಂಕುಳಲ್ಲಿ ಬೆಕ್ಕು, ಮೊಣಕೈಯಿಂದ ಒಂದೇ ಸಮ ರಕ್ತ. ಬೆಕ್ಕನ್ನು ಬುಟ್ಟಿಗಿಳಿಸಿ ಅವರನ್ನು ಮೇಜಿಗೆ ಕರೆದೆ. ಮನೆಯಲ್ಲಿ ದೂರು ಕೊಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರೆ, ಅಧ್ಯಕ್ಷರಾದ ತಮ್ಮ ಹೆಸರನ್ನೇ ಹೇಳಿ, 'ನಮ್ಮ ಯಜಮಾನರು' ಎಂದರು. ಹೊಲಿಗೆ ಹಾಕಲು ಹೊರಟೆ. ಹೊಸ ಎಚ್ಚರಿಕೆಯ ತಾರೀಖು ಇಂದಿನದೇ ಇರಲಿ.