ಆಂಪ್ಲಿಫೈಯರಿನ ಬೆನ್ನಿಗೆ ಮೂರು ತೂತು

ಜಗತ್ತಿನಲ್ಲಿ ಕೂಗುವವರಿದ್ದಾರೆ, ಕೂಗಬೇಡ ಎನ್ನುವವರೂ ಇದ್ದಾರೆ. ಕೂಗಲು ಒಂದು ಯಂತ್ರ, ಅದರ ಬಾಯಿ ಮುಚ್ಚಿಸಲು ಇನ್ನೊಂದು ಯಂತ್ರ, ಎರಡನ್ನೂ ತಾನೇ ಕೊಂಡುತಂದವನು ಇಡೀ ವಿಜಯಪುರದಲ್ಲಿ ನಮ್ಮ ಕಾಕಾ ಒಬ್ಬನೇ! ಬೇಕಾದರೆ ಗಾಂಧಿ ಚೌಕದ ನಡುವೆ ನಿಂತು ಹೇಳುತ್ತೇನೆ.

ಕಾಕಾ ಎಂದರೆ ಅಪ್ಪನ ತಮ್ಮ. ಐವತ್ತು ದಾಟಿದೆ, ಮದುವೆಯಿಲ್ಲ, ಗಿಟಾರ್ ಇದೆ. ಅವನಿಗೆ ಎಲ್ಲವೂ ಒಂದಕ್ಕೊಂದು ‘ಕೂಡಬೇಕು’. ಹಿಂದೆ ಬಬಲೇಶ್ವರಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆಯನ್ನು ಕೇಳಿದನಂತೆ:

“ನಿಮ್ಮ ಮಗಳ ದನಿ ಎಷ್ಟ ಜೋರ ಐತ್ರಿ?”

“ಯಾಕ್ರಿ?”

“ನಮ್ಮವ್ವನ ದನಿಗೆ ಕೂಡಬೇಕಲ್ರಿ.”

ಒಳಗಿನಿಂದ ಚಹಾ ಬರುವುದಿತ್ತಂತೆ. ಬರಲಿಲ್ಲ. (ಚಹಾದ ಮಾತು ಯಾರೋ ಹೇಳಿದ್ದೋ, ಹೇಳಿ ಹೇಳಿ ನಾನೇ ಸೇರಿಸಿದ್ದೋ, ಈಗ ಖಾತ್ರಿಯಿಲ್ಲ.)

ಹೆಣ್ಣು ಬರಲಿಲ್ಲ, ಆಂಪ್ಲಿಫೈಯರ್ ಬಂತು. ತಿಕೋಟಾದಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾ ಒಂದರದು. ಗಾಜಿನ ವಾಲ್ವುಗಳಿದ್ದ ಹಳೆಯ ಭಾರದ ಪೆಟ್ಟಿಗೆ. ಪೂರ್ತಿ ಜೋರು ಇಟ್ಟಾಗಲೇ ಅದರ ದನಿ ಹಣ್ಣಾಗುತ್ತದೆಂದು ಕಾಕಾನ ವಾದ. ದನಿ ಹಣ್ಣಾಗುವಷ್ಟರಲ್ಲಿ ಅಡುಗೆಮನೆಯ ಗಂಗಾಳಗಳು ತಾವೇ ಕುಣಿದು ಕೆಳಗಿಳಿಯುತ್ತಿದ್ದವು!

ಕೊನೆಗೆ ಅಪ್ಪ ಗಡುವು ಕೊಟ್ಟ. “ಸೋಮವಾರದೊಳಗ ಅದರ ಬಾಯಿ ಬಂದ್ ಆಗಬೇಕು. ಇಲ್ಲಂದ್ರ ಗುಜರಿಗೆ ಹಾಕತೀನಿ.”

ಕಾಕಾ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಪಾರ್ಸೆಲ್ಲಿನಲ್ಲಿ ಒಂದು ಕಬ್ಬಿಣದ ಡಬ್ಬಿ ಬಂತು. ಹೆಸರು ಅಟೆನ್ಯುಯೇಟರ್.

“ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವ ಇದು ಕೂಡತೈತಿ. ಹೆಚ್ಚಿನ ದಮ್ಮೆಲ್ಲಾ ತಾನ ನುಂಗಿ ಬಿಸಿ ಆಗತೈತಿ. ದನಿ ಅದ ಇರತೈತಿ, ಸದ್ದು ಕಡಿಮಿ.”

“ವಾಲ್ಯೂಮ್ ತಿರುವಿ ಕಡಿಮಿ ಮಾಡಿದ್ರ ಆಗೂದಿಲ್ಲೇನು ಕಾಕಾ?”

ಜೋಳದ ರೊಟ್ಟಿಗೆ ಜಾಮ್ ಹಚ್ಚು ಎಂದವನನ್ನು ನೋಡುವಂತೆ ನನ್ನನ್ನು ನೋಡಿದ.

ಆದರೆ ಇಲ್ಲೂ ಕೂಡಬೇಕು! ಡಬ್ಬಿ ಎಂಟು ಓಮ್, ಸ್ಪೀಕರ್ ಎಂಟು ಓಮ್. ಆಂಪ್ಲಿಫೈಯರಿನ ಬೆನ್ನಿಗೆ ಮೂರು ತೂತು: ನಾಲ್ಕಕ್ಕೊಂದು, ಎಂಟಕ್ಕೊಂದು, ಹದಿನಾರಕ್ಕೊಂದು. ಎಂಟರದಕ್ಕೇ ವಾಯರ್ ಸಿಕ್ಕಿಸಬೇಕು. ತಪ್ಪಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡಬಹುದು. ಎಂಟು ಯಾವುದು? ದಸರೆಯ ಖಂಡೇ ಪೂಜೆಗೆ ಆಯಿ, ಅಂದರೆ ನನ್ನ ಅಜ್ಜಿ, ಪ್ರತಿವರ್ಷ ಅದರ ಬೆನ್ನಿಗೆ ವಿಭೂತಿ ಬಳಿದು, ಮರುದಿನ ಒದ್ದೆ ಅರಿವೆಯಿಂದ ತಿಕ್ಕಿ ತಿಕ್ಕಿ ಒರೆಸಿ, ಅಂಕಿಗಳನ್ನೆಲ್ಲ ಅಳಿಸಿಬಿಟ್ಟಿದ್ದಳು!

“ದೇವರಿಗೆ ಅಂಕಿ ಯಾಕ ಬೇಕೋ ಯಪ್ಪಾ?” ಎಂದಳು ಆಯಿ.

“ತಿಕೋಟಾದ ಮಿಸ್ತ್ರಿ ಮಂಗಳವಾರ ಮೀಟರ್ ಹಿಡದು ನೋಡ್ತೀನಿ ಅಂದಾನ,” ಎಂದ ಕಾಕಾ.

ಗಡುವು ಸೋಮವಾರದ್ದು. ಎಂ.ಎ. ಮಾಡಿದ ನಾನು ಮಿಸ್ತ್ರಿಗಾಗಿ ಕಾಯುವುದುಂಟೆ? “ಎಡಗಡೆ ಮೊದಲನೇದ ಎಂಟು. ತಂದ ದಿನಾನ ನೋಡೀನಿ, ನನಗ ಪಕ್ಕಾ ನೆನಪೈತಿ,” ಎಂದೆ. ಕಾಕಾ ಮೂರು ಸಲ ಕೇಳಿದ. ಮೂರನೆಯ ಸಲ ನನಗೆ ಸಿಟ್ಟೇ ಬಂತು. “ನಂಬೂದಿದ್ರ ನಂಬು, ಬಿಡೂದಿದ್ರ ಬಿಡು!”

ನಂಬಿದ.

ಸೋಮವಾರ ಮಧ್ಯಾಹ್ನ ಕಾಕಾ ನುಡಿಸಿದ. ಗಂಗಾಳಗಳು ಸುಮ್ಮನೆ ಕುಳಿತಿದ್ದವು. ಮಾಗಿದ ದನಿ, ಪಿಸುಮಾತಿನಷ್ಟು ಸಣ್ಣಗೆ. “ಈಗ ಹಾಡಿದಂಗ ಆತ ನೋಡ,” ಎಂದಳು ಆಯಿ. ಅಪ್ಪ ಕೂಡ ಪೇಪರ್ ಕೆಳಗಿಟ್ಟ. ಕಾಕಾನ ಮುಖ ನೋಡಬೇಕಿತ್ತು! ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗೆ ಚಟ್ ಎಂದಿತು. ಸುಟ್ಟ ವಾಸನೆ, ಬಿಳಿ ಹೊಗೆ. ಗಡುವಿಗೆ ಸರಿಯಾಗಿ ಬಾಯಿ ಬಂದ್!

“ಯಾವ ಶಾಣ್ಯಾ ಹೇಳಿದ್ನಲೇ ಈ ತೂತಿಗೆ ಹಾಕಂತ?” ಎಂದ ಅಪ್ಪ.

ನಾನು ಗಿಟಾರಿನ ತಂತಿ ಎಣಿಸುತ್ತ ನಿಂತಿದ್ದೆ. ಆರಿದ್ದವು.

“ಯಾರೂ ಇಲ್ಲ ಅಣ್ಣಾ,” ಎಂದ ಕಾಕಾ. “ನಂದ ಗುರ್ತು ತಪ್ಪೇತಿ.”

ಇದಾದ ವಾರಕ್ಕೆ ನನ್ನ ಹಳೆಯ ದಿನಚರಿ ತೆಗೆದೆ. ನನ್ನದೇ ನಿಜವೆಂದು ಖಾತ್ರಿ ಮಾಡಿಕೊಳ್ಳಲು ತೆಗೆದೆ, ಸುಳ್ಳೇಕೆ! ಆಂಪ್ಲಿಫೈಯರ್ ಬಂದ ದಿನದ ಪುಟದಲ್ಲಿ, “ಕಾಕಾ ಒಂದು ಪೆಟ್ಟಿಗೆ ತಂದಿದ್ದಾನೆ. ಅದರ ಬೆನ್ನಿಗೆ ಮೂರು ತೂತು, ಇವನ ತಲೆಗೆ ಎಷ್ಟೋ,” ಎಂದು ಬರೆದು, ಕೆಳಗೆ ಚಿತ್ರವನ್ನೂ ಬಿಡಿಸಿದ್ದೆ. ಎಡದಿಂದ ನಾಲ್ಕು, ಎಂಟು, ಹದಿನಾರು. ನನ್ನದೇ ಅಕ್ಷರ.

ಪುಟವನ್ನು ಕಾಕಾನ ಮುಂದೆ ಹಿಡಿದೆ. ತನ್ನ ತಲೆಯ ಬಗೆಗಿನ ಸಾಲನ್ನೂ ಓದಿದ, ಚಿತ್ರವನ್ನೂ ನೋಡಿದ.

“ಚಿತ್ರ ಚಲೋ ತಗದೀ,” ಎಂದ.

ತಿಕೋಟಾದ ಮಿಸ್ತ್ರಿ ಟ್ರಾನ್ಸ್‌ಫಾರ್ಮರನ್ನು ಹೊಸದಾಗಿ ಸುತ್ತಿಕೊಟ್ಟಿದ್ದಾನೆ. ನಿನ್ನೆ ಪೆಟ್ಟಿಗೆ ಮನೆಗೆ ಬಂತು. ಕಾಕಾ ಅದನ್ನು ಬೆನ್ನು ಮೇಲಾಗಿ ಮಲಗಿಸಿ, ಬಿಳಿ ಬಣ್ಣದ ಡಬ್ಬಿಯನ್ನೂ ಸಣ್ಣ ಕುಂಚವನ್ನೂ ನನ್ನ ಕೈಗೆ ಕೊಟ್ಟ.

“ಅಂಕಿ ಬರೀ. ಆಯಿ ಎಷ್ಟ ಒರಸಿದ್ರೂ ಹೋಗಬಾರದು.”

“ಎಡಗಡೆ ಮೊದಲ ಏನ್ ಬರೀಲಿ, ಕಾಕಾ?”

“ನನಗ್ಯಾಕ ಕೇಳ್ತೀಲೇ? ನಿನಗ ಗೊತ್ತೈತಲ್ಲ,” ಎಂದು ಎದ್ದು, ಗಿಟಾರಿಗೆ ಶ್ರುತಿ ಮಾಡಲು ಒಳಗೆ ಹೋದ.

ನಾನು ದಿನಚರಿಯ ಪುಟ ತೆರೆದಿಟ್ಟುಕೊಂಡು ಬರೆದೆ.